ಬೈಗುಳಕ್ಕೂ ಒಂದು ವಿಳಾಸ ಬೇಕು

2023ರ ಡಿಸೆಂಬರ್ 8, ಶುಕ್ರವಾರ ರಾತ್ರಿ. ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ತಂಡ ನಮ್ಮ ಬೆಂಗಳೂರು ಎಫ್‌ಸಿಗೆ ನಾಲ್ಕು ಗೋಲು ಹೊಡೆದಿತ್ತು. ನಮ್ಮವರಿಗೆ ಒಂದೂ ದಕ್ಕಿರಲಿಲ್ಲ. ಗೇಟು ದಾಟಿ ಹೊರಗೆ ಬಂದವರಿಗೆ ಮನೆಗೆ ಹೋಗುವ ಮನಸ್ಸಿಲ್ಲ. ಸೈಕಲ್ಲಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಟೀ ಮಾರುತ್ತಿದ್ದವನ ಸುತ್ತ ಏಳೆಂಟು ಜನ ನಿಂತೆವು. ಒಬ್ಬರಿಗೊಬ್ಬರು ಪರಿಚಯವಿಲ್ಲದಿದ್ದರೂ ಎಲ್ಲರ ಮೈಮೇಲೂ ನೀಲಿ ಜೆರ್ಸಿ ಇತ್ತು.

"ಕೋಚ್‌ನ ಕಿತ್ತಾಕ್ಬೇಕು ಗುರು. ನಾಳೆ ನಾಡಿದ್ದು ಅಂತಲ್ಲ, ಇವತ್ತೇ" ಎಂದ ಒಬ್ಬ ಹುಡುಗ. ಕೈಯಲ್ಲಿದ್ದ ಟೀ ಆರುತ್ತಿತ್ತು, ಅವನು ಕುಡಿಯಲಿಲ್ಲ. ಅವನ ಗೆಳೆಯನಿಗೆ ಆ ಮಾತು ಹಿಡಿಸಲಿಲ್ಲ. "ಕೋಚ್ ಏನ್ ಮಾಡ್ತಾನೆ ಮಗಾ? ಮುಂದೆ ಗೋಲ್ ಹೊಡಿಯೋರು ಯಾರಿದಾರೆ? ಚೆಟ್ರಿಗೆ ವಯಸ್ಸಾಯ್ತು, ಒಪ್ಕೊಂಬಿಡೋಣ." ಇನ್ನೊಬ್ಬರು ಮಾಲೀಕರ ಕಡೆ ಬೆರಳು ತೋರಿಸಿದರು: "ಒಳ್ಳೆ ಆಟಗಾರರನ್ನ ತಂದಿದ್ರೆ ಈ ಗತಿ ಬರ್ತಿತ್ತಾ ಸಾರ್?" ಗೌತಮಪುರದಿಂದ ಬಂದಿದ್ದ ಹಿರಿಯರೊಬ್ಬರು ಅಷ್ಟೂ ಹೊತ್ತು ಸುಮ್ಮನಿದ್ದವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಕೋಚ್ ಹೋಗ್ಲಿ ಬಿಡಪ್ಪ. ಹೋದ್ಮೇಲೆ ಹಿಂದಿಂದ ಮುಂದಕ್ಕೆ ಚೆಂಡು ತಂದ್ಕೊಡೋರು ಯಾರು?"

ಮರುದಿನ ಕ್ಲಬ್ಬು ಕೋಚ್ ಸೈಮನ್ ಗ್ರೇಸನ್ ಅವರನ್ನು ಬಿಡುಗಡೆ ಮಾಡಿತು. ಹುಡುಗನ ಮಾತು ನಡೆಯಿತು, ಹಿರಿಯರ ಪ್ರಶ್ನೆ ಹಾಗೇ ಉಳಿಯಿತು. ಇದೇ ಗ್ರೇಸನ್ ಒಂಬತ್ತು ತಿಂಗಳ ಹಿಂದೆ ತಂಡವನ್ನು ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಫೈನಲ್‌ಗೆ ಕರೆದೊಯ್ದಾಗ ಇದೇ ಜನ ಅವರ ಹೆಸರು ಕೂಗಿದ್ದರು. ಆ ಕೂಗೂ ಸುಳ್ಳಲ್ಲ, ಈ ಸಿಟ್ಟೂ ಸುಳ್ಳಲ್ಲ. ಹಾಗಾದರೆ ಈ ಒಂಬತ್ತು ತಿಂಗಳಲ್ಲಿ ಆದದ್ದೇನು? ತಂಡ ಸೋಲತೊಡಗಿದಾಗ ಉತ್ತರ ಕೊಡಬೇಕಾದವರು ಯಾರು? ಇವತ್ತಿನ ಅಂಕಣ ಆ ಪ್ರಶ್ನೆಗೇ ಮೀಸಲು. ನಮ್ಮ ತಂಡದ ಹತ್ತು ಹನ್ನೆರಡು ವರ್ಷಗಳ ಕಥೆ ಕಣ್ಣೆದುರಿಗಿದೆ. ಅದನ್ನು ಬಿಡಿಸಿ ನೋಡಿದರೆ ಅಭಿಮಾನಿಯ ಸಿಟ್ಟು ಯಾವಾಗ ಸರಿಯಾದ ಮನೆಗೆ ಹೋಗಿದೆ, ಯಾವಾಗ ತಪ್ಪು ಮನೆ ಹೊಕ್ಕಿದೆ ಎಂಬುದು ತಿಳಿಯುತ್ತದೆ.

ಸೋಲಿಗೆ ನಾಲ್ಕು ವಿಳಾಸಗಳಿವೆ ಎಂದು ನಾನು ನಂಬಿದ್ದೇನೆ: ಅದೃಷ್ಟ, ಆಟಗಾರ, ಕೋಚ್, ಕ್ಲಬ್ಬು. ಒಂದೊಂದನ್ನೂ ಅಳೆಯಲು ಬೇಕಾಗುವ ಕಾಲ ಬೇರೆ ಬೇರೆ. ಅದೃಷ್ಟದ ಏರಿಳಿತ ಕೆಲವೇ ಪಂದ್ಯಗಳಲ್ಲಿ ಕಾಣುತ್ತದೆ. ಆಟಗಾರನ ಲಯ ತಿಳಿಯಲು ಒಂದೆರಡು ತಿಂಗಳು ಬೇಕು. ಕೋಚ್‌ನ ಕೆಲಸ ಕಾಣಲು ಒಂದು ಪೂರ್ತಿ ಋತು ಹಿಡಿಯುತ್ತದೆ. ಕ್ಲಬ್ಬಿನ ನಿರ್ಧಾರಗಳ ಫಲ ಬರಲು ಎರಡು ಮೂರು ವರ್ಷವಾಗುತ್ತದೆ. ನಾವಾದರೋ ತೊಂಬತ್ತು ನಿಮಿಷದ ಕೊನೆಯಲ್ಲಿ ನಿಂತು ನಾಲ್ಕಕ್ಕೂ ಒಟ್ಟಿಗೇ ತೀರ್ಪು ಕೊಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುವುದು ಇಲ್ಲೇ.

ಹನ್ನೆರಡು ಪಂದ್ಯ, ಎಂಟು ಪಂದ್ಯ

2022-23ರ ಋತುವನ್ನು ನೆನಪಿಸಿಕೊಳ್ಳಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಎತ್ತಿತ್ತು. ಅದರ ಬೆನ್ನಿಗೇ ಲೀಗ್ ಶುರುವಾಯಿತು, ತಂಡ ಕುಸಿಯಿತು. ಮೊದಲ 12 ಪಂದ್ಯಗಳಲ್ಲಿ ಎಂಟು ಸೋಲು, ಮೂರು ಗೆಲುವು, ಒಂದು ಡ್ರಾ. ಒಟ್ಟು 10 ಅಂಕ. ಆಮೇಲೆ ಉಳಿದ ಎಂಟು ಪಂದ್ಯಗಳಲ್ಲಿ ಎಂಟನ್ನೂ ಗೆದ್ದರು. ಸೋಲೇ ಕಾಣದೆ ಓಡುತ್ತಿದ್ದ ಮುಂಬೈ ಸಿಟಿಗೆ ಆ ಋತುವಿನ ಮೊದಲ ಲೀಗ್ ಸೋಲು ಕೊಟ್ಟದ್ದೂ ಈ ಎಂಟರಲ್ಲೇ. 34 ಅಂಕದೊಂದಿಗೆ ನಾಲ್ಕನೇ ಸ್ಥಾನ ಸಿಕ್ಕಿತು. ಕೋಚ್ ಅವರೇ, ಆಟಗಾರರೂ ಹೆಚ್ಚುಕಡಿಮೆ ಅವರೇ.

ಎರಡೇ ತಿಂಗಳಲ್ಲಿ ಕೋಚ್ ದಡ್ಡನಿಂದ ಜಾಣನಾದರೇ? ಆಟಗಾರರು ಆಟ ಕಲಿತರೇ? ಸ್ವಲ್ಪ ಬದಲಾವಣೆ ನಿಜವಾಗಿಯೂ ಆಗಿತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅದರ ಜೊತೆಗೆ ಫುಟ್‌ಬಾಲಿನ ಒಂದು ಸ್ವಭಾವವನ್ನೂ ಅರಿಯಬೇಕು. ಈ ಆಟದಲ್ಲಿ ಗೋಲು ಅಪರೂಪ. ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಸರಾಸರಿ ಎರಡೂವರೆಯಿಂದ ಮೂರು ಗೋಲು ಬರುತ್ತವೆ. ಕ್ರಿಕೆಟ್ಟಿನಲ್ಲಿ ಒಂದು ಕೆಟ್ಟ ಚೆಂಡಿಗೆ ಪರಿಹಾರವಾಗಿ ಇನ್ನೂ ನೂರು ಚೆಂಡುಗಳಿರುತ್ತವೆ. ಇಲ್ಲಿ ಡಿಫೆಂಡರ್‌ನ ಮೊಣಕಾಲಿಗೆ ತಾಗಿ ದಿಕ್ಕು ಬದಲಿಸಿದ ಒಂದು ಚೆಂಡು ಮೂರು ಅಂಕ ಕಿತ್ತುಕೊಂಡು ಹೋಗುತ್ತದೆ. ಚೆನ್ನಾಗಿ ಆಡಿದ ತಂಡ ಸೋಲುವುದು ಫುಟ್‌ಬಾಲಿನಲ್ಲಿ ದಿನನಿತ್ಯದ ಮಾತು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಒಂದು ತಂಡ 38 ಪಂದ್ಯ ಆಡುತ್ತದೆ. ಅಷ್ಟು ಉದ್ದದ ದಾರಿಯಲ್ಲಿ ಅದೃಷ್ಟ ದುರದೃಷ್ಟಗಳು ಒಂದಕ್ಕೊಂದು ತೂಗಿಕೊಳ್ಳುತ್ತವೆ. ಆ ವರ್ಷ ನಮ್ಮ ಲೀಗಿನಲ್ಲಿದ್ದದ್ದು 20 ಪಂದ್ಯ. ಐದಾರು ಪಂದ್ಯ ಎಡವಟ್ಟಾದರೆ ಕಾಲು ಭಾಗ ಋತುವೇ ಮುಗಿದುಹೋಗಿರುತ್ತದೆ.

ಕೆಟ್ಟ ಸಾಲು ಕೊನೆಗೊಮ್ಮೆ ತಾನಾಗಿಯೇ ಸರಾಸರಿಯ ಕಡೆ ಹೊರಳುತ್ತದೆ. ಹೊಸ ಕೋಚ್ ಬಂದ ಕೂಡಲೇ ತಂಡ ಚೇತರಿಸಿಕೊಂಡಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ 1986ರಿಂದ 2004ರವರೆಗಿನ ಡಚ್ ಲೀಗನ್ನು ಈ ದೃಷ್ಟಿಯಿಂದ ಪರಿಶೀಲಿಸಿದರು. ಕೋಚ್‌ನನ್ನು ತೆಗೆದ ತಂಡಗಳು ಆಮೇಲೆ ಸುಧಾರಿಸಿದ್ದು ನಿಜ. ಆದರೆ ಅಷ್ಟೇ ಆಳಕ್ಕೆ ಕುಸಿದೂ ಹಳೆಯ ಕೋಚ್‌ನನ್ನೇ ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದವು. ಜ್ವರ ಇಳಿಯುವ ಹೊತ್ತಿಗೆ ಕೊಟ್ಟ ಔಷಧಿಗೆ ಹೆಸರು ಬಂದ ಹಾಗೆ. 2023ರ ಜನವರಿಯಲ್ಲಿ ಬೆಂಗಳೂರು ಎಫ್‌ಸಿ ಗ್ರೇಸನ್ ಅವರನ್ನು ಕಳಿಸಿದ್ದರೆ ಆ ಎಂಟು ಗೆಲುವಿನ ಕೀರ್ತಿಯೆಲ್ಲ ಹೊಸಬರ ಪಾಲಾಗುತ್ತಿತ್ತು.

ಅದೇ ಋತುವಿನ ಫೈನಲ್ ಗೋವಾದ ಫತೋರ್ಡದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ನಡೆಯಿತು. ನಿಗದಿತ ಸಮಯದಲ್ಲಿ 2-2. ಆ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯಿಂದ ಬಂದವು. ಕೊನೆಗೆ ಶೂಟೌಟ್‌ನಲ್ಲಿ ನಾವು 3-4ರಿಂದ ಸೋತೆವು. ಎರಡು ಒದೆತ ಗುರಿ ತಲುಪಿದ್ದರೆ ಗ್ರೇಸನ್ ಚಾಂಪಿಯನ್ ತಂಡದ ಕೋಚ್ ಆಗಿರಬಹುದಿತ್ತು. ಡಿಸೆಂಬರ್‌ನ ಆ ರಾತ್ರಿ ಅವರ ಬಗ್ಗೆ ನಮ್ಮ ಮಾತಿನ ಧಾಟಿಯೇ ಬೇರೆಯಾಗಿರುತ್ತಿತ್ತು.

ಗೋಲು ಬಾರದ ದಿನಗಳು

ಇನ್ನು ಆಟಗಾರನ ವಿಳಾಸ. ಅಭಿಮಾನಿಗಳು ಅತಿ ಹೆಚ್ಚು ಕಾಗದ ಹಾಕುವುದು ಸ್ಟ್ರೈಕರ್‌ಗೆ. ಗೋಲು ಹೊಡೆಯುವುದು ಅವನ ಕೆಲಸ. ಹೊಡೆಯಲಿಲ್ಲವೆಂದರೆ ಅದು ಎಲ್ಲರಿಗೂ ಕಾಣುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗೋಲಿನತ್ತ ಹೊಡೆದ ಹತ್ತು ಒದೆತಗಳಲ್ಲಿ ಸುಮಾರು ಒಂದು ಗೋಲಾಗುತ್ತದೆ ಎಂಬುದು ಫುಟ್‌ಬಾಲಿನ ಸ್ಥೂಲ ನಿಯಮ. ಒಬ್ಬ ಸ್ಟ್ರೈಕರ್‌ಗೆ ಎಂಟು ಪಂದ್ಯಗಳಲ್ಲಿ ಇಪ್ಪತ್ತು ಅವಕಾಶ ಸಿಕ್ಕಿತು ಎನ್ನಿ. ಅವನು ಯಾವ ತಪ್ಪನ್ನೂ ಮಾಡದಿದ್ದರೂ ಆ ಇಪ್ಪತ್ತರಲ್ಲಿ ಒಂದೂ ಒಳಗೆ ಹೋಗದಿರುವ ಸಾಧ್ಯತೆ ನೂರಕ್ಕೆ ಹನ್ನೆರಡು. ಅಂದರೆ ಒಂದೇ ಯೋಗ್ಯತೆಯ ಎಂಟು ಜನ ಸ್ಟ್ರೈಕರ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲೊಬ್ಬ ಎಂಟು ಪಂದ್ಯ ಬರಿಗೈಯಲ್ಲಿ ಹೋಗುತ್ತಾನೆ. ನಾವು ಅವನನ್ನು 'ಮುಗಿದವನು' ಎನ್ನುತ್ತೇವೆ. ಒಂಬತ್ತನೇ ಪಂದ್ಯದಲ್ಲಿ ಅವನು ಎರಡು ಗೋಲು ಹೊಡೆದಾಗ 'ಲಯಕ್ಕೆ ಮರಳಿದ' ಎನ್ನುತ್ತೇವೆ. ಅವನ ಆಟ ಎರಡೂ ಸಲ ಒಂದೇ ಆಗಿದ್ದಿರಬಹುದು.

ಹಾಗಾದರೆ ನಿಜವಾದ ಕುಸಿತವನ್ನು ಗುರುತಿಸುವುದು ಹೇಗೆ? ಗೋಲುಗಳನ್ನು ಎಣಿಸುವುದಕ್ಕಿಂತ ಅವಕಾಶಗಳನ್ನು ಎಣಿಸಬೇಕು. ಸ್ಟ್ರೈಕರ್ ಗೋಲಿನ ಮುಂದೆ ಸರಿಯಾದ ಜಾಗಕ್ಕೆ ಓಡುತ್ತಿದ್ದಾನೆಯೇ? ಚೆಂಡು ಅವನ ಕಾಲಿಗೆ ಬರುತ್ತಿದೆಯೇ? ಅವಕಾಶ ಸಿಕ್ಕಿಯೂ ಗೋಲಾಗದಿದ್ದರೆ ಕಾಯಬೇಕು. ಓಡಿಯೂ ಚೆಂಡು ಬರದಿದ್ದರೆ ಹಿಂದೆ ತಿರುಗಿ ಮಿಡ್‌ಫೀಲ್ಡನ್ನು ನೋಡಬೇಕು. ಓಡುವುದೇ ನಿಂತಿದ್ದರೆ, ಆಗ ಮಾತ್ರ ಆಟಗಾರನ ಹೆಸರೆತ್ತಬೇಕು. ಗೌತಮಪುರದ ಹಿರಿಯರು ಕೇಳಿದ್ದು ಇದರಲ್ಲಿ ಎರಡನೆಯದನ್ನು. ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು, ಅಹ್ಮದ್ ಖಾನ್ ಬೆಂಗಳೂರಿನವರು, 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನವರು. ಇಂಥವರ ಆಟ ನೋಡಿದ ಬೀದಿಗಳಲ್ಲಿ ಬೆಳೆದವರ ಕಣ್ಣು ಚೆಂಡು ಗೋಲು ಸೇರುವ ಮೊದಲೇ ಅದು ಬಂದ ದಾರಿಯನ್ನು ಹುಡುಕುತ್ತದೆ.

ಸುನಿಲ್ ಚೆಟ್ರಿ ಅವರನ್ನೇ ನೋಡಿ. 2022-23ರ ಋತುವಿನಲ್ಲಿ 38ರ ಹರೆಯದ ಅವರು ಗೋಲಿಗಾಗಿ ಪರದಾಡಿದರು. ಆಗ ಗ್ರೇಸನ್, ಚೆಟ್ರಿಯವರನ್ನು ಬೆಂಚಿನಲ್ಲಿ ಕೂರಿಸಿ ಯುವಕ ಶಿವಶಕ್ತಿ ನಾರಾಯಣನ್ ಅವರನ್ನು ರಾಯ್ ಕೃಷ್ಣ ಜೊತೆ ಆಡಿಸಿದರು. ಮೇಲೆ ಹೇಳಿದ ನಿಜವಾದ ಬದಲಾವಣೆಗಳಲ್ಲಿ ಇದೂ ಒಂದು. ದೇಶದ ನಾಯಕನನ್ನು ಬೆಂಚಿನಲ್ಲಿ ಕೂರಿಸಲು ಎದೆಗಾರಿಕೆ ಬೇಕು. ಅಲ್ಲಿ ಮುಖ ಸಿಂಡರಿಸದೆ ಕೂರಲು ಅದಕ್ಕಿಂತ ದೊಡ್ಡ ಮನಸ್ಸು ಬೇಕು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್ ಪಂದ್ಯದಲ್ಲಿ ಬದಲಿಯಾಗಿ ಬಂದ ಚೆಟ್ರಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಅದನ್ನು ಪ್ರತಿಭಟಿಸಿ ಎದುರಾಳಿಗಳು ಮೈದಾನ ಬಿಟ್ಟು ನಡೆದರು, ನಾವು ಸೆಮಿಫೈನಲ್ ತಲುಪಿದೆವು. ಮುಂಬೈಯಲ್ಲಿ ನಡೆದ ಸೆಮಿಫೈನಲ್‌ನ ಮೊದಲ ಪಂದ್ಯದ ಏಕೈಕ ಗೋಲೂ ಅವರದೇ.

ಇಷ್ಟಾದ ಮೇಲೂ ಆ ಡಿಸೆಂಬರ್ ರಾತ್ರಿ 'ಚೆಟ್ರಿಗೆ ವಯಸ್ಸಾಯ್ತು' ಎಂದ ಹುಡುಗನನ್ನು ನಾನು ದೂರುವುದಿಲ್ಲ. ವಯಸ್ಸು ಯಾರನ್ನೂ ಬಿಡುವುದಿಲ್ಲ. ಆದರೆ ಮುಂದಿನ ಋತುವಿನಲ್ಲಿ, 2024-25ರಲ್ಲಿ, 40 ದಾಟಿದ ಚೆಟ್ರಿ 14 ಗೋಲು ಹೊಡೆದರು. ಆ ಸಾಲಿನಲ್ಲಿ ಲೀಗಿನ ಬೇರಾವ ಭಾರತೀಯನೂ ಅಷ್ಟು ಗೋಲು ಹೊಡೆಯಲಿಲ್ಲ. ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಂತು. ಗೋವಾದಲ್ಲಿ ಸೆಮಿಫೈನಲ್ ಕೈತಪ್ಪಿ ಹೋಗುವ ಹೊತ್ತಿನಲ್ಲಿ, ಇಂಜುರಿ ಸಮಯದಲ್ಲಿ, ತಲೆಯಿಂದ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ದಾಟಿಸಿದರು. ವಯಸ್ಸು ಒಂದು ವರ್ಷ ಹೆಚ್ಚಾಗಿತ್ತು, ಗೋಲುಗಳೂ ಹೆಚ್ಚಾದವು. ಬದಲಾದದ್ದು ಅವರ ಹಿಂದೆ ನಿಂತವರು. ಆಲ್ಬರ್ಟೊ ನೊಗೆರಾ ಮಿಡ್‌ಫೀಲ್ಡಿಗೆ ಬಂದಿದ್ದರು. ಹೊರ್ಹೆ ಪೆರೇರಾ ಡಿಯಾಸ್ ಮುಂದಿನ ಸಾಲಿಗೆ ಬಂದು ಎದುರಾಳಿ ಡಿಫೆಂಡರ್‌ಗಳನ್ನು ತಮ್ಮ ಕಡೆ ಎಳೆದುಕೊಂಡಿದ್ದರು. ಈ ಇಬ್ಬರೂ ಹಿಂದಿನ ಸಾಲಿನಲ್ಲಿ ಇದ್ದದ್ದು ಆ ರಾತ್ರಿ ನಮ್ಮನ್ನು ಮಣಿಸಿದ ಮುಂಬೈ ಸಿಟಿ ತಂಡದಲ್ಲಿ. ಹಿರಿಯರ ಪ್ರಶ್ನೆಗೆ ಉತ್ತರ ಎದುರಿನ ಪಾಳೆಯದಲ್ಲೇ ಓಡಾಡಿಕೊಂಡಿತ್ತು!

ಭಾರತೀಯ ಸ್ಟ್ರೈಕರ್‌ಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಲೀಗಿನಲ್ಲಿ 2021-22ರಿಂದ ಒಮ್ಮೆಗೆ ನಾಲ್ವರು ವಿದೇಶಿ ಆಟಗಾರರು ಮೈದಾನದಲ್ಲಿರಬಹುದು. ಅದಕ್ಕೂ ಮೊದಲು ಐವರಿಗೆ ಅವಕಾಶವಿತ್ತು. ಬಹುತೇಕ ಎಲ್ಲ ತಂಡಗಳೂ ಅದರಲ್ಲೊಂದು ಜಾಗವನ್ನು ಸ್ಟ್ರೈಕರ್‌ಗೇ ಕೊಡುತ್ತವೆ. ಹಾಗಾಗಿ ಭಾರತದ ಹುಡುಗ ಪಕ್ಕದ ಅಂಚಿನಲ್ಲಿ ಓಡುತ್ತಲೋ, ಎಪ್ಪತ್ತನೇ ನಿಮಿಷಕ್ಕೆ ಬದಲಿಯಾಗಿ ಬರುತ್ತಲೋ ಕಲಿಯಬೇಕು. ಇಪ್ಪತ್ತು ನಿಮಿಷದ ಆಟ ನೋಡಿ 'ಇವನಿಂದಾಗದು' ಎಂದು ಅವನ ಹಣೆಬರಹ ಬರೆಯುವ ಮೊದಲು ನಾವು ಇದನ್ನೊಮ್ಮೆ ನೆನೆಯಬೇಕು.

ಕೋಚ್ ಕೈಯಲ್ಲಿ ಏನಿದೆ?

ಅದೃಷ್ಟವೇ ಎಲ್ಲ, ಕೋಚ್ ಯಾರಾದರೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕೋಚ್ ಕೈಗೆ ನೇರವಾಗಿ ಸಿಗುವ ಸಂಗತಿಗಳಿವೆ. ಅವುಗಳಲ್ಲಿ ಮೊದಲನೆಯದು ಕಾರ್ನರ್ ಕಿಕ್, ಫ್ರೀ ಕಿಕ್‌ಗಳಂಥ ನಿಂತ ಚೆಂಡು. ಆಟ ಓಡುವಾಗ ಹನ್ನೊಂದು ಜನ ಹನ್ನೊಂದು ನಿರ್ಧಾರ ತೆಗೆದುಕೊಳ್ಳುತ್ತಾರೆ. ಚೆಂಡು ನಿಂತಾಗ ಮಾತ್ರ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ಹಿಡಿಯಬೇಕು ಎಂಬುದನ್ನು ವಾರವಿಡೀ ಅಭ್ಯಾಸ ಮಾಡಿಸಬಹುದು.

ಇದಕ್ಕೆ ನಮ್ಮ ತಂಡದ ಇತಿಹಾಸಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. 2018ರ ಮಾರ್ಚ್ 17. ಬೆಂಗಳೂರು ಎಫ್‌ಸಿಗೆ ಅದು ಐಎಸ್‌ಎಲ್‌ನ ಮೊದಲ ವರ್ಷ. ಆಲ್ಬರ್ಟ್ ರೋಕಾ ಕೋಚ್. ಲೀಗಿನಲ್ಲಿ 40 ಅಂಕ, ಎರಡನೇ ಸ್ಥಾನದ ತಂಡಕ್ಕಿಂತ ಎಂಟು ಹೆಚ್ಚು. ಫೈನಲ್ ಕಂಠೀರವದಲ್ಲೇ, ಎದುರಾಳಿ ಚೆನ್ನೈಯಿನ್. ಚೆಟ್ರಿ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದು ಊರನ್ನೇ ಕುಣಿಸಿದರು. ಆಮೇಲೆ ಚೆನ್ನೈಯಿನ್‌ಗೆ ಎರಡು ಕಾರ್ನರ್ ಬಂದವು. ಎರಡಕ್ಕೂ ಮೈಲ್ಸನ್ ಆಲ್ವೆಸ್ ಎತ್ತರಕ್ಕೆ ಹಾರಿ ತಲೆ ಕೊಟ್ಟರು. ನಾವು 2-3ರಿಂದ ಸೋತೆವು. ವರ್ಷವಿಡೀ ಎಲ್ಲರಿಗಿಂತ ಚೆನ್ನಾಗಿ ಆಡಿದ ತಂಡ ಎರಡು ಕಾರ್ನರ್ ಕಾಯಲಾಗದೆ ಕಪ್ ಕಳೆದುಕೊಂಡಿತ್ತು. ಆ ರಾತ್ರಿ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕೂತು ಅತ್ತವರನ್ನು ನಾನು ನೋಡಿದ್ದೇನೆ.

ರೋಕಾ ಹೋದರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆದರು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಮತ್ತೊಂದು ಫೈನಲ್. ಗೋಲೇ ಇಲ್ಲದೆ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೆಕೆ ತಲೆಯಿಂದ ಗೋಲಿಗೆ ತಳ್ಳಿದರು. 1-0. ಬೆಂಗಳೂರು ಚಾಂಪಿಯನ್. ಯಾವ ಕಾರ್ನರ್ ನಮ್ಮನ್ನು ಅಳಿಸಿತ್ತೋ ಅದೇ ಕಾರ್ನರ್ ಕಪ್ ತಂದುಕೊಟ್ಟಿತು. ಹಳೆಯ ಸಹಾಯಕನೇ ಮುಂದುವರಿದದ್ದರಿಂದ ತಂಡದ ಆಟದ ಎಳೆ ಕಡಿಯಲಿಲ್ಲ. ಹಿಂದಿನ ವರ್ಷದ ಗಾಯ ಎಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

2021ರ ಜನವರಿಯಲ್ಲಿ ಅದೇ ಕ್ವಾಡ್ರಾಟ್ ಸತತ ಮೂರು ಸೋಲಿನ ಬೆನ್ನಿಗೇ ಹೊರನಡೆಯಬೇಕಾಯಿತು. ಕೋವಿಡ್ ಕಾಲ ಅದು. ಎಲ್ಲ ಪಂದ್ಯಗಳೂ ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ. ಉಳಿದ ಪಂದ್ಯಗಳನ್ನು ನೌಶಾದ್ ಮೂಸಾ ನಡೆಸಿಕೊಟ್ಟರು, ತಂಡ ಏಳನೇ ಸ್ಥಾನದಲ್ಲಿ ನಿಂತಿತು. ಮುಂದಿನ ವರ್ಷ ಮಾರ್ಕೊ ಪೆಜ್ಜಾಯುಲಿ ಬಂದರು, ಆರನೇ ಸ್ಥಾನ. ಅವರೂ ಹೋದರು, ಗ್ರೇಸನ್ ಬಂದರು. ಲೆಕ್ಕ ಹಾಕಿ ನೋಡಿ. 2013ರಲ್ಲಿ ಆಶ್ಲಿ ವೆಸ್ಟ್‌ವುಡ್ ಅವರಿಂದ ಶುರುವಾಗಿ ಕ್ವಾಡ್ರಾಟ್‌ವರೆಗೆ ಏಳೂವರೆ ವರ್ಷದಲ್ಲಿ ಮೂವರೇ ಕೋಚ್‌ಗಳು. ಆ ಅವಧಿಯಲ್ಲಿ ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್, ಒಂದು ಐಎಸ್‌ಎಲ್ ಬಂದವು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಹೆಸರೂ ಬಂತು. ಮುಂದಿನ ಮೂರು ವರ್ಷದೊಳಗೆ ಹಂಗಾಮಿಯವರನ್ನು ಬಿಟ್ಟೇ ಮೂವರು ಕೋಚ್‌ಗಳು ಬಂದರು. ಸಿಕ್ಕಿದ್ದು ಒಂದು ಡುರಾಂಡ್ ಕಪ್.

ಕೋಚ್‌ಗಳು ಉಳಿದದ್ದರಿಂದ ಗೆದ್ದೆವೋ, ಗೆಲ್ಲುತ್ತಿದ್ದುದರಿಂದ ಕೋಚ್‌ಗಳು ಉಳಿದರೋ ಎಂದು ಯಾರಾದರೂ ಕೇಳಬಹುದು. ಎರಡೂ ನಿಜ. ಆದರೆ ಗ್ರೇಸನ್ ಹೋದ ಮೇಲಿನ ಕಥೆ ಈ ವಾದಕ್ಕೆ ಒಂದಿಷ್ಟು ಬೆಳಕು ಕೊಡುತ್ತದೆ. ಮೊದಲ ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಕಂಡಿದ್ದ ತಂಡಕ್ಕೆ ಜೆರಾರ್ಡ್ ಜರಗೋಜಾ ಕೋಚ್ ಆಗಿ ಬಂದರು. ಋತು ಮುಗಿದಾಗ ಬೆಂಗಳೂರು 12 ತಂಡಗಳಲ್ಲಿ 10ನೇ ಸ್ಥಾನದಲ್ಲಿತ್ತು. ಕೋಚ್ ಬದಲಾದರೂ ತಂಡ ಮೇಲೇಳಲಿಲ್ಲ. ಅವರನ್ನೂ ಕಳಿಸಿ ಎಂಬ ಮಾತು ಎದ್ದಿತ್ತು. ಈ ಸಲ ಕ್ಲಬ್ಬು ಕೋಚ್‌ನನ್ನು ಉಳಿಸಿಕೊಂಡು ತಂಡವನ್ನು ಕಟ್ಟಿತು. ನೊಗೆರಾ, ಡಿಯಾಸ್, ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ ಬಂದರು. ರಾಹುಲ್ ಭೆಕೆ ಮನೆಗೆ ಮರಳಿದರು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಮೊದಲ ಪಂದ್ಯದ ಏಕೈಕ ಗೋಲು ಹೊಡೆದವನು ಬೆಂಗಳೂರಿನದೇ ಹುಡುಗ, 19 ವರ್ಷದ ವಿನೀತ್ ವೆಂಕಟೇಶ್. ಮೊದಲ ಐದು ಪಂದ್ಯಗಳಲ್ಲಿ ತಂಡ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಮೂರನೇ ಸ್ಥಾನ ಸಿಕ್ಕಿತು. ನಾಕೌಟ್‌ನಲ್ಲಿ ಮುಂಬೈ ಸಿಟಿಯನ್ನು 5-0ರಿಂದ ಬಗ್ಗುಬಡಿದು, ಸೆಮಿಫೈನಲ್ ದಾಟಿ ಫೈನಲ್ ತಲುಪಿದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತರು. ಹತ್ತನೇ ಸ್ಥಾನದ ಕೋಚೂ ಫೈನಲ್ ತಲುಪಿದ ಕೋಚೂ ಒಬ್ಬರೇ.

ದೂರದ ವಿಳಾಸ

ಇಲ್ಲಿಗೆ ನಾಲ್ಕನೇ ವಿಳಾಸಕ್ಕೆ ಬಂದೆವು. ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಡಬೇಕು, ಊರಿನ ಹುಡುಗರನ್ನು ಹೇಗೆ ಬೆಳೆಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಕ್ಲಬ್ಬಿನ ಕಚೇರಿ. ಇಂಗ್ಲೆಂಡಿನ ಲೀಗನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಸ್ಟೀಫನ್ ಶಿಮಾನ್ಸ್ಕಿ, ತಂಡ ತನ್ನ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೂ ಅದು ವರ್ಷಗಳ ಓಟದಲ್ಲಿ ನಿಲ್ಲುವ ಸ್ಥಾನಕ್ಕೂ ಬಲವಾದ ನಂಟಿದೆ ಎಂದು ತೋರಿಸಿದ್ದಾರೆ. ನಮ್ಮ ಲೀಗಿನಲ್ಲಿ ಸಂಬಳಕ್ಕೆ ಮಿತಿ ಹಾಕಿರುವುದರಿಂದ ಹಣದ ಬಲಕ್ಕಿಂತ ಆಯ್ಕೆಯ ಜಾಣತನ ಹೆಚ್ಚು ತೂಗುತ್ತದೆ. ಬೆರಳೆಣಿಕೆಯ ವಿದೇಶಿಯರಲ್ಲಿ ಇಬ್ಬರು ಲೆಕ್ಕ ತಪ್ಪಿದರೆ ಆ ವರ್ಷ ಯಾವ ಕೋಚೂ ತಂಡವನ್ನು ಎತ್ತಲಾರ.

ಆದರೂ ನಮ್ಮ ಸಿಟ್ಟು ಕೋಚ್ ಮನೆಗೇ ಮೊದಲು ಹೋಗುವುದೇಕೆ? ಅವರು ಗೆರೆಯ ಪಕ್ಕದಲ್ಲೇ ನಿಂತಿರುತ್ತಾರೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ. ಆಟಗಾರರ ಖರೀದಿಗೆ ಸಹಿ ಹಾಕಿದವರ ಮುಖ ನಮಗೆ ಗೊತ್ತಿಲ್ಲ. ಹನ್ನೊಂದು ಜನರನ್ನು ಬದಲಿಸುವುದು ಕಷ್ಟ, ಒಬ್ಬರನ್ನು ಬದಲಿಸುವುದು ಸುಲಭ. ಕ್ಲಬ್ಬಿಗೂ ಇದು ಅನುಕೂಲ. ಕೋಚ್ ಹೋದ ಮರುದಿನದಿಂದ ಹಳೆಯ ಆಯ್ಕೆಗಳ ಬಗ್ಗೆ ಯಾರೂ ಕೇಳುವುದಿಲ್ಲ. ಅಭಿಮಾನಿ ಎಚ್ಚರವಾಗಿರಬೇಕಾದದ್ದು ಇಲ್ಲೇ. ಕೋಚ್‌ನನ್ನು ಕಳಿಸಿದ ದಿನ ಸಂಭ್ರಮಿಸುವ ಬದಲು 'ಅವರನ್ನು ಆರಿಸಿದವರು ಯಾರು? ಅವರಿಗೆ ಎಂಥ ತಂಡ ಕೊಟ್ಟಿದ್ದಿರಿ?' ಎಂದು ಕೇಳುವ ಹಕ್ಕು ಟಿಕೆಟ್ ಕೊಂಡ ಪ್ರತಿಯೊಬ್ಬನಿಗೂ ಇದೆ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಆಟವನ್ನು ಬೈಯುವುದು ಬೇರೆ, ಆಟಗಾರನ ಮನೆಯವರನ್ನು ಬೈಯುವುದು ಬೇರೆ. ಪೆನಾಲ್ಟಿ ತಪ್ಪಿಸಿದವನ ಫೋನಿಗೆ ಆ ರಾತ್ರಿ ಬರುವ ಮಾತುಗಳನ್ನು ಅವನ ತಾಯಿಯೂ ಓದುತ್ತಾಳೆ. 'ಇವತ್ತು ಚೆನ್ನಾಗಿ ಆಡಲಿಲ್ಲ' ಎನ್ನಲು ಹಕ್ಕಿದೆ. 'ನೀನು ಬದುಕಿದ್ದೇಕೆ' ಎನ್ನಲು ಯಾವ ಟಿಕೆಟ್ಟೂ ಹಕ್ಕು ಕೊಡುವುದಿಲ್ಲ.

ಬೈಯುವವರೇ ಇಲ್ಲದ ತಂಡ

ಚೆಟ್ರಿಯ ಫ್ರೀ ಕಿಕ್ ಬಗ್ಗೆ ದೇಶವೆಲ್ಲ ವಾದಿಸುತ್ತಿದ್ದ ಹೊತ್ತಿನಲ್ಲೇ, ಮರುದಿನ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಇನ್ನೊಂದು ಪಂದ್ಯ ನಡೆಯಿತು. ಸಂತೋಷ್ ಟ್ರೋಫಿ ಫೈನಲ್. ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಕಪ್ ಗೆದ್ದಿತು. ಹಿಂದೆ ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. 54 ವರ್ಷಗಳ ಬರ ಅದು. ಅಷ್ಟು ವರ್ಷ ನಮ್ಮ ರಾಜ್ಯ ತಂಡ ಸೋಲುತ್ತಾ ಬಂದಾಗ ಯಾವ ಟೀ ಸೈಕಲ್ಲಿನ ಸುತ್ತ ಜನ ನಿಂತಿದ್ದರು? ಯಾರು ಕೋಚ್‌ನನ್ನು ತೆಗೆಯಿರಿ ಎಂದರು? ಯಾವ ಸ್ಟ್ರೈಕರ್‌ನ ಲಯದ ಬಗ್ಗೆ ಜಗಳವಾಯಿತು? ಸೋಲಿಗಿಂತ ಹೆಚ್ಚಾಗಿ ಆ ತಂಡವನ್ನು ಬಡವಾಗಿಸಿದ್ದು ಆ ಮೌನ ಎಂದು ನನಗನ್ನಿಸುತ್ತದೆ. ಕೇಳುವವರಿಲ್ಲದ ಕಡೆ ಉತ್ತರ ಕೊಡುವವರೂ ಇರುವುದಿಲ್ಲ.

2025ರಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೂ ಆ ಮೌನದ ಬಿಸಿ ತಟ್ಟಿತು. ಭಾರತ ಫುಟ್‌ಬಾಲ್ ಸಂಸ್ಥೆಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತಾ ಬಂದು, ಹೊಸದಕ್ಕೆ ಸಹಿ ಬೀಳದೆ ಲೀಗ್ ತೂಗುಯ್ಯಾಲೆಯಲ್ಲಿ ನಿಂತಿತು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ಬು ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್ ಬಂತು, ಲೀಗ್ ಶುರುವಾಗಲಿಲ್ಲ. ವಾದಕ್ಕೆ ಕೋಚ್‌ನ ತಂತ್ರವಿಲ್ಲ, ಸ್ಟ್ರೈಕರ್‌ನ ಬರಗಾಲವಿಲ್ಲ, ಅಂಕಪಟ್ಟಿಯೇ ಇಲ್ಲ. ಆ ವಾರಗಳಲ್ಲೊಂದು ಸಂಜೆ ನಾನು ಕಂಠೀರವದ ಮುಂದೆ ಹಾದು ಹೋದೆ. ಗೇಟು ಮುಚ್ಚಿತ್ತು. 0-4ರಿಂದ ಸೋತ ಆ ರಾತ್ರಿಯ ಗಲಾಟೆಯಾದರೂ ಮತ್ತೆ ಕಿವಿಗೆ ಬೀಳಲಿ ಎಂದು ಮನಸ್ಸು ಬಯಸಿತು.

ಆದ್ದರಿಂದ ಜಗಳ ಆಡೋಣ, ಗಂಟಲು ಹರಿಯುವಷ್ಟು ಆಡೋಣ. ಮೊದಲ ಮೂರು ಸೋಲಿಗೆ ಒಂದಿಷ್ಟು ತಾಳ್ಮೆ ಕೊಡೋಣ. ಸ್ಟ್ರೈಕರ್‌ನನ್ನು ಅಳೆಯುವಾಗ ಅವಕಾಶಗಳನ್ನು ಎಣಿಸೋಣ. ಕೋಚ್‌ನನ್ನು ಕಾರ್ನರ್‌ಗಳಲ್ಲಿ, ಬದಲಿ ಆಟಗಾರರ ಆಯ್ಕೆಯಲ್ಲಿ, ಹುಡುಗರಿಗೆ ಕೊಟ್ಟ ನಿಮಿಷಗಳಲ್ಲಿ ನೋಡೋಣ. ವರ್ಷ ಮುಗಿದಾಗ ಕಚೇರಿಯವರನ್ನು ಲೆಕ್ಕ ಕೇಳೋಣ. ಮುಂದಿನ ಸಲ ತಂಡ ಸೋತು, ಗೇಟಿನ ಹೊರಗೆ ಟೀ ಹಿಡಿದು ನಿಂತಾಗ, ಕೋಚ್ ಹೆಸರು ಬಾಯಿಗೆ ಬರುವ ಮೊದಲು ಗೌತಮಪುರದ ಹಿರಿಯರು ಕೇಳಿದ ಆ ಪ್ರಶ್ನೆ ಬರಲಿ: ಹಿಂದಿನಿಂದ ಮುಂದಕ್ಕೆ ಚೆಂಡು ತಂದುಕೊಡುವವರು ಯಾರು?